ಪಿಟೀಲು ಸುಟ್ಟ ತಪ್ಪಿಗೆ ಪಿಟೀಲು ಕೇಳುವ ಶಿಕ್ಷೆಯೇ?

ಮಾನ್ಯರೇ,

ಮೇಲ್ಮನವಿ ನ್ಯಾಯಾಲಯದ ಎತ್ತರದ ಪೀಠದಲ್ಲಿ ಕುಳಿತು, ಕೆಳಗಿನವರ ತಪ್ಪುಗಳನ್ನು ತಾಳ್ಮೆಯಿಂದ ತಿದ್ದುವ, ತಿದ್ದಲು ಬೇಸರವಾದಾಗ ಅಷ್ಟೇ ತಾಳ್ಮೆಯಿಂದ ಮುಂದಿನ ತಿಂಗಳಿಗೆ ಹಾಕುವ ತಮಗೆ, ಜೈಲಿನ ನೆಲದ ಮೇಲೆ ಕುಳಿತ ಬೇಕರಿ ಕೆಲಸದವನೊಬ್ಬನ ತಲೆಬಾಗಿದ ವಂದನೆಗಳು. ನನ್ನ ವಕೀಲರು ಬರೆದ ಅರ್ಜಿ ತಮ್ಮ ಕಚೇರಿಯಲ್ಲಿ ಈಗಾಗಲೇ ಇದೆ. ಅದರಲ್ಲಿ ಸೆಕ್ಷನ್ನುಗಳಿವೆ, ಸಂಕಟವಿಲ್ಲ. ಆದ್ದರಿಂದ ಸಂಕಟದ ಭಾಗವನ್ನು ನಾನೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಅಪರಾಧ ಮಾಡಿದ್ದು ನಿಜ, ಅದರಲ್ಲಿ ಮುಚ್ಚುಮರೆಯಿಲ್ಲ. ರಾತ್ರಿಯಿಡೀ ಹಿಟ್ಟು ನಾದಿ, ಒಲೆಯ ಮುಂದೆ ಬೆಂದು, ಊರಿನವರೆಲ್ಲ ಹಲ್ಲುಜ್ಜುವ ಹೊತ್ತಿಗೆ ಮನೆಗೆ ಬಂದು ಮಲಗುವುದು ನನ್ನ ಬದುಕು. ನಾನು ದಿಂಬಿಗೆ ತಲೆ ಕೊಡುವುದಕ್ಕೂ ಗೋಡೆಯಾಚೆಯ ಪಿಟೀಲು ಮೇಷ್ಟ್ರು ಕಮಾನು ಎತ್ತುವುದಕ್ಕೂ ಅದ್ಯಾವ ಜನ್ಮದ ನಂಟೋ, ಎಂಟು ವರ್ಷ ಒಂದು ದಿನವೂ ತಪ್ಪಲಿಲ್ಲ. ಮೇಷ್ಟ್ರೆಂದರೆ ಯಾರಿಗೋ ಕಲಿಸಿದವರಲ್ಲ. ನೌಕರಿಯಿಂದ ನಿವೃತ್ತರಾದ ಮೇಲೆ ತಾವೇ ಕಲಿಯಲು ಶುರುಮಾಡಿ, ಕಲಿತು ಮುಗಿಯುವ ಮೊದಲೇ ಬಾಗಿಲಿಗೆ ಬೋರ್ಡು ತಗುಲಿಸಿಕೊಂಡವರು. ಕಿಟಕಿಯನ್ನಾದರೂ ಮುಚ್ಚಿ ಎಂದು ಕೈಮುಗಿದು ಕೇಳಿದರೆ, ಸಂಗೀತಕ್ಕೆ ಗಾಳಿ ಬೇಕು ಎಂದರು. ಬೀದಿಯವರು ನನ್ನೆದುರು ಗೋಳಾಡಿ, ಅವರೆದುರು ತಲೆದೂಗುತ್ತಿದ್ದರು. ಅದೇ ಬೀದಿಯಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ನನ್ನ ಭಾವಮೈದ ಮಾತ್ರ ಧೈರ್ಯವಂತ. “ಅದನ್ನ ತಗೊಂಡೋಗಿ ಒಲೆಗೆ ಹಾಕಿಬಿಡಿ ಭಾವ, ಬೀದಿಗೆ ಬೀದಿನೇ ನಿಮ್ಮ ಹಿಂದೆ ನಿಲ್ಲುತ್ತೆ” ಎಂದು ಹುರಿದುಂಬಿಸಿದ. ನಿದ್ದೆಗೆಟ್ಟ ತಲೆಗೆ ಅದು ಬಹಳ ಸರಿಯಾದ ಮಾತೆನಿಸಿತು.

ಗಾಳಿಗೆಂದು ತೆರೆದಿಟ್ಟ ಅದೇ ಕಿಟಕಿಯಿಂದ ಪಿಟೀಲನ್ನು ಎತ್ತಿಕೊಂಡು ಬಂದು ಬೇಕರಿಯ ಒಲೆಗೆ ಹಾಕಿದೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನಿಂದು ತಮಗೆ ತೊಂದರೆ ಕೊಡುತ್ತಿರಲಿಲ್ಲ. ಕೆಲಸ ಕೆಡಬಾರದೆಂಬ ನಿಯತ್ತಿನಿಂದ ಆಮೇಲೆ ಅದೇ ಒಲೆಯಲ್ಲಿ ಬ್ರೆಡ್ಡೂ ಬೇಯಿಸಿದೆ. ಬೆಳಗ್ಗೆ ಊರಿನ ಬ್ರೆಡ್ಡೆಲ್ಲ ವಾರ್ನಿಷ್ ನಾತ ಹೊಡೆಯಿತು. ಮಧ್ಯಾಹ್ನದೊಳಗೆ ಪೊಲೀಸರು ಒಲೆಯ ಬೂದಿ ಕೆದಕಿ ತಂತಿ ಹೆಕ್ಕಿದರು. ಕೆಳಗಿನ ನ್ಯಾಯಾಲಯ ಆರು ತಿಂಗಳ ಸಜೆ ಕೊಟ್ಟು, ಮೇಷ್ಟ್ರಿಗೆ ಹೊಸ ಪಿಟೀಲಿನ ಬೆಲೆ ಕಟ್ಟಿಕೊಡಬೇಕೆಂದಿತು. ಎರಡಕ್ಕೂ ತಕರಾರು ತೆಗೆಯಲಿಲ್ಲ. ಜೈಲಿನ ಮೊದಲ ವಾರ ನಾನು ನಿದ್ದೆ ಮಾಡಿದ ಪರಿಗೆ, ಈ ಮನುಷ್ಯ ಬದುಕಿದ್ದಾನೆಯೇ ಎಂದು ವಾರ್ಡರು ಎರಡು ಸಲ ಅಲುಗಾಡಿಸಿ ನೋಡಿದರು. ಕಾನೂನಿನ ಮೇಲೆ ಅಷ್ಟು ಪ್ರೀತಿ ನನಗೆ ಎಂದೂ ಹುಟ್ಟಿರಲಿಲ್ಲ.

ಎರಡನೇ ವಾರ, ಕೈದಿಗಳ ಮನಪರಿವರ್ತನೆಗೆಂದು ಸೂಪರಿಂಟೆಂಡೆಂಟ್ ಸಾಹೇಬರು ಸಂಗೀತ ತರಗತಿ ತೆರೆದರು. ಕಲಿಸಲು ಪುಕ್ಕಟೆಯಾಗಿ ಮುಂದೆ ಬಂದ ಮಹಾನುಭಾವರು ಯಾರೆಂದು ತಾವು ಊಹಿಸಿರಬಹುದು. ನನ್ನನ್ನು ಮನಸಾರೆ ಕ್ಷಮಿಸಿದ್ದೇನೆಂದು ಮೇಷ್ಟ್ರು ಎಲ್ಲರೆದುರು ಹೇಳಿ, ಕಣ್ಣೊರೆಸಿಕೊಂಡು, ನನ್ನ ದುಡ್ಡಿನಲ್ಲೇ ಕೊಂಡ, ಹಳೆಯದಕ್ಕಿಂತ ದೊಡ್ಡ ದನಿಯ ಪಿಟೀಲನ್ನು ಹೆಗಲಿಗೇರಿಸಿದರು. ತರಗತಿ ಬೆಳಗ್ಗೆಯೇ, ವರ್ಷಗಟ್ಟಲೆ ರಾತ್ರಿ ದುಡಿದ ನನ್ನ ಕಣ್ಣು ತಾನಾಗಿ ಮುಚ್ಚುವ ಹೊತ್ತಿಗೆ. ಪಶ್ಚಾತ್ತಾಪಕ್ಕೆ ಅನುಕೂಲವಾಗಲೆಂದು ನನಗೆ ಮುಂದಿನ ಸಾಲು. ಮನೆಯಲ್ಲಿ ನಡುವೆ ಒಂದು ಗೋಡೆಯಾದರೂ ಇತ್ತು.

ಘನತೆವೆತ್ತವರೇ, ಒಂದೇ ಅಪರಾಧಕ್ಕೆ ಒಬ್ಬನನ್ನು ಎರಡು ಬಾರಿ ಶಿಕ್ಷಿಸುವಂತಿಲ್ಲವೆಂದು ನನ್ನ ವಕೀಲರು ಹೇಳುತ್ತಾರೆ. ನನ್ನದು ಅದಕ್ಕಿಂತ ಅಪರೂಪದ ಪ್ರಕರಣ: ಎಂಟು ವರ್ಷದ ಶಿಕ್ಷೆ ಅಪರಾಧಕ್ಕೆ ಮೊದಲೇ ಮುಗಿದಿತ್ತು, ಆಮೇಲೆ ಅಪರಾಧ ನಡೆಯಿತು, ಆಮೇಲೆ ಸಜೆ ಬಂತು, ಈಗ ಮೊದಲಿನ ಶಿಕ್ಷೆ ಮತ್ತೆ ಸಜೆಯೊಳಗೇ ಬಂದು ಕುಳಿತಿದೆ. ಕ್ರೂರ ಶಿಕ್ಷೆ ಕೂಡದೆಂಬ ಕಾನೂನೂ ಇದೆಯಂತೆ. ಕ್ರೌರ್ಯಕ್ಕೆ ಸಾಕ್ಷಿ ಬೇಕಿದ್ದರೆ, ಹಿಂದಿನ ಸಾಲಿನಲ್ಲಿರುವ ಮೂವರು ದರೋಡೆಕೋರರನ್ನು ಕರೆಸಬಹುದು. ಕಲ್ಲು ಒಡೆಯುವ ಕೆಲಸ ಕೊಡಿ ಎಂದು ಅವರೇ ಅರ್ಜಿ ಹಾಕಿಕೊಂಡಿದ್ದಾರೆ. ಹಿಟ್ಟು ನಾದಿದ ನನ್ನ ಬೆರಳುಗಳು ಪಿಟೀಲಿಗೆಂದೇ ಹುಟ್ಟಿದವೆಂದು ಮೇಷ್ಟ್ರು ಕಂಡುಹಿಡಿದಿದ್ದು, ಒಂದು ಹಾಡು ಪೂರ್ತಿ ಕೈಗೆ ಹತ್ತುವವರೆಗೆ ನನ್ನನ್ನು ಬಿಡಬಾರದೆಂದು ಶಿಫಾರಸು ಪತ್ರವನ್ನೂ ಕೊಟ್ಟಿದ್ದಾರೆ. ಅವರ ಕ್ಷಮೆಯ ಆಳ ನನಗೆ ಈಗ ಅರ್ಥವಾಗುತ್ತಿದೆ.

ಇಷ್ಟಾದರೂ ಸಹಿಸಿಕೊಂಡಿದ್ದೆ, ಹೋದ ವಾರ ಹೆಂಡತಿ ನೋಡಲು ಬರುವವರೆಗೆ. ಮೈಕೈ ತುಂಬಿಕೊಂಡಿದ್ದಳು, ಕಣ್ಣ ಕೆಳಗಿನ ಕಪ್ಪು ಹೋಗಿತ್ತು. ಮೇಷ್ಟ್ರು ಬೆಳಗ್ಗೆ ಜೈಲಿಗೆ ಹೊರಡುವುದರಿಂದ ಬೀದಿ ಈಗ ತಣ್ಣಗಿದೆಯೆಂದಳು. ಆಮೇಲೆ ಜಾಲರಿಯಲ್ಲಿ ಬೆರಳು ಸಿಕ್ಕಿಸಿ, ನನ್ನ ಮುಖ ನೋಡದೆ, “ರೀ, ನೀವು ಬಂದುಬಿಟ್ರೆ ಅವರು ಇಲ್ಲಿಗೆ ಬರೋದು ನಿಲ್ಲಿಸಿಬಿಡ್ತಾರಂತೆ” ಎಂದಳು. ನನ್ನ ಸಜೆಯನ್ನು ಎರಡು ವರ್ಷಕ್ಕೆ ಏರಿಸಬೇಕೆಂದು ಬೀದಿಯವರು ತಮಗೆ ಮನವಿ ಸಲ್ಲಿಸಿದ್ದಾರಂತೆ. ಮೊದಲ ಸಹಿ ಭಾವಮೈದನದು. ನಿನ್ನದೂ ಇದೆಯಾ ಎಂದು ಕೇಳಿದೆ. ಅವಳು ಸೆರಗು ಸರಿಮಾಡಿಕೊಂಡಳು. ಮಾನ್ಯರೇ, ತಮಾಷೆ ಮಾಡಿದ್ದು ಸಾಕು, ನನಗೆ ಅಳು ಬಂತು. ಯಾರ ಪಾಲಿನ ಪಿಟೀಲನ್ನೆಲ್ಲ ನಾನೊಬ್ಬನೇ ಇಲ್ಲಿ ಕೇಳುತ್ತಿದ್ದೇನೋ, ಅವರಿಗೇ ನಾನು ಬೇಡವಾಗಿದ್ದೇನೆ.

ಆದ್ದರಿಂದ ನನ್ನ ಸಜೆಯನ್ನು ರದ್ದುಗೊಳಿಸಬೇಕೆಂದು ಬೇಡುತ್ತೇನೆ. ಅದಾಗದಿದ್ದರೆ ಕತ್ತಲೆ ಕೋಣೆ, ಕಠಿಣ ಸಜೆ, ಏನಾದರೂ ದಪ್ಪ ಗೋಡೆಯುಳ್ಳದ್ದನ್ನು ದಯಪಾಲಿಸಿ. ಅದೂ ಆಗದಿದ್ದರೆ ಬೀದಿಯವರನ್ನು ಮನೆಗೊಬ್ಬರಂತೆ ಸರದಿಯ ಮೇಲೆ ಮುಂದಿನ ಸಾಲಿಗೆ ಕಳಿಸಿ. ಭಾವಮೈದ ಮೊದಲು ಬರಲಿ. ಬೀದಿಗೆ ಬೀದಿಯೇ ನನ್ನ ಹಿಂದೆ ನಿಲ್ಲುತ್ತದೆ ಎಂದಿದ್ದನಲ್ಲ, ಬಂದು ಪಕ್ಕದಲ್ಲಿ ಕೂರಲಿ.

ತಮ್ಮ ತೀರ್ಪಿಗೂ ಒಂದು ಹೊತ್ತಿನ ನಿದ್ದೆಗೂ ಕಾದಿರುವ,
ತಮ್ಮ ವಿಶ್ವಾಸಿ,
ಮುಂದಿನ ಸಾಲಿನ ಕೈದಿ

ಮರೆತ ಮಾತು: ನಮ್ಮ ಬೀದಿಯ ನಿಶ್ಶಬ್ದವನ್ನು ಮೆಚ್ಚಿ ತಾವು ಮೇಷ್ಟ್ರ ಎದುರು ಮನೆಯನ್ನು ಕೊಂಡಿರುವಿರೆಂದು ಹೆಂಡತಿ ಹೇಳಿದಳು, ಸಂತೋಷ. ಇದರಿಂದ ತೀರ್ಪು ಅತ್ತಿತ್ತ ವಾಲೀತೆಂಬ ಸಣ್ಣ ಅನುಮಾನವೂ ನನಗಿಲ್ಲ. ಆದರೆ ಜೈಲಿನ ತರಗತಿಗೆ ಭಾನುವಾರ ರಜೆ, ಮೇಷ್ಟ್ರು ಅಂದು ಮನೆಯಲ್ಲೇ ನುಡಿಸುತ್ತಾರೆ. ದಲ್ಲಾಳಿ ತಮಗೆ ಮನೆ ತೋರಿಸಿದ್ದು ಭಾನುವಾರ ಬಿಟ್ಟು ಬೇರೆ ದಿನ ಇದ್ದಿರಬೇಕು. ನನ್ನ ಅರ್ಜಿಯನ್ನು ದಯವಿಟ್ಟು ಬರುವ ಭಾನುವಾರ ಬೆಳಗ್ಗೆ ಆ ಮನೆಯಲ್ಲೇ ಕುಳಿತು ಓದಬೇಕು. ಕಿಟಕಿ ಮುಚ್ಚಿಕೊಂಡೇ ಓದಿ, ನನ್ನ ಅಭ್ಯಂತರವಿಲ್ಲ.