ರುಜು ಹಾಕಿ ಮನೆಗೆ ಹೋದವನ ಅಹವಾಲು

ಪ್ರಕಾಶನಗರ, ಬೆಂಗಳೂರು
ಮಾರ್ಚಿ ೧೯೭೩

ಕಾರ್ಖಾನೆಗಳ ಕರೆಂಟು ಕಡಿತದ ಮಾನ್ಯ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ರಾಜಾಜಿನಗರದ ಬೋಲ್ಟು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಲೇತ್ ನಡೆಸಿ, ಈಗ ತಮ್ಮ ಕೃಪೆಯಿಂದ ಮನೆಯಲ್ಲಿ ರವಿಕೆಗಳಿಗೆ ಹುಕ್ಕು ಹಾಕುತ್ತಾ ಕುಳಿತಿರುವ ಪುರುಷೋತ್ತಮನ ಸಾಷ್ಟಾಂಗ ನಮಸ್ಕಾರಗಳು. ತಾವೂ, ತಮ್ಮ ಅಣೆಕಟ್ಟೂ, ಅದರ ತಳದಲ್ಲಿ ಉಳಿದಿರುವ ಅಷ್ಟಿಷ್ಟು ನೀರೂ ಕ್ಷೇಮವೆಂದು ನಂಬಿರುತ್ತೇನೆ.

ಮಳೆ ಕೈಕೊಟ್ಟಿತೆಂದು ತಾವು ಕಾರ್ಖಾನೆಗಳ ಕರೆಂಟು ನಿಲ್ಲಿಸಿದಂದಿನಿಂದ ನಮಗೆಲ್ಲ ಲೇ-ಆಫ್. ಕೆಲಸವಿಲ್ಲ, ಅರ್ಧ ಸಂಬಳ ಮಾತ್ರ ಉಂಟು. ಆದರೆ ಅದು ಬೇಕಾದರೆ ದಿನಾ ಬೆಳಿಗ್ಗೆ ಎಂಟಕ್ಕೆ ಗೇಟಿಗೆ ಬಂದು, ಕೆಲಸವಿಲ್ಲವೆಂಬುದನ್ನು ಕಣ್ಣಾರೆ ಕಂಡು, ರುಜು ಹಾಕಿ ಹೋಗಬೇಕೆಂಬುದು ಕಾನೂನು. ಆಹಾ, ಬೆಳಗಿನ ವಾಯುಸೇವನೆಗೆ ಅರ್ಧ ಸಂಬಳ ಕೊಡಿಸುವ ಕಾನೂನು ಬೇರೆ ಯಾವ ದೇಶದಲ್ಲಿದೆ ಸ್ವಾಮಿ!

ಸಂಸಾರದ ಉಳಿದರ್ಧವನ್ನು ನನ್ನ ಹೆಂಡತಿ ಕೋಕಿಲಾ ಹೊಲಿಗೆ ಯಂತ್ರ ತುಳಿದು ತೂಗಿಸುತ್ತಿದ್ದಾಳೆ. ಅದು ಕಾಲಲ್ಲಿ ತುಳಿಯುವ ಯಂತ್ರವಾದ್ದರಿಂದ ಇನ್ನೂ ತಮ್ಮ ಕಡಿತಕ್ಕೆ ಸಿಕ್ಕಿಲ್ಲ. ದಯವಿಟ್ಟು ಈ ವಿಷಯವನ್ನು ಮೇಲಿನವರ ಗಮನಕ್ಕೆ ತರಬಾರದೆಂದು ಪ್ರಾರ್ಥನೆ. "ರೀ, ಬೇಗ ರುಜು ಹಾಕಿ ಬನ್ನಿ, ಮದುವೆಮನೆ ರವಿಕೆ ಹನ್ನೆರಡು ಬಾಕಿ ಇವೆ" ಎಂದು ಅವಳು ಅಟ್ಟುವುದರಿಂದ ನಾನು ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಗೇಟಿನಲ್ಲಿ ಹಾಜರು.

ಕಳೆದ ಮಂಗಳವಾರವೂ ಹಾಗೆಯೇ ಆಯಿತು. ಟೈಂಕೀಪರ್ ಚನ್ನವೀರಪ್ಪನವರು ಆಕಳಿಸುತ್ತಾ ಪುಸ್ತಕ ತಳ್ಳಿದರು, ನಾನು ರುಜು ಗೀಚಿ ಹಿಂತಿರುಗಿದೆ. ಎಂಟೂ ಐದಕ್ಕೆ ತಾವು ಯಾರಿಗೂ ಒಂದು ಮಾತು ಹೇಳದೆ ಕರೆಂಟು ಬಿಟ್ಟಿರಿ! ಹುಟ್ಟಿದಾಗಿನಿಂದ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಾರದ, ನನ್ನ ಪಕ್ಕದ ಲೇತಿನ ಕೆಂಚಪ್ಪ ಅಂದೂ ತಡವಾಗಿ ಬಂದು, ನೇರ ಒಳಗೆ ಹೋಗಿ, ಪೂರಾ ಸಂಬಳ ಗಿಟ್ಟಿಸಿದ. ನಾನು ಆ ಹೊತ್ತಿಗೆ ಮೂರನೇ ರವಿಕೆಯ ಹುಕ್ಕಿನಲ್ಲಿದ್ದೆ.

ಮರುದಿನ ಕೈಗೆ ನೋಟೀಸು ಬಂತು: ಕೆಲಸವಿದ್ದರೂ ನಿರಾಕರಿಸಿ ಹೋಗಿದ್ದೀರಿ, ಮೂರು ದಿನದೊಳಗೆ ತಕ್ಕ ಸಮಜಾಯಿಷಿ ಬಾರದಿದ್ದರೆ ಹೆಸರು ತೆಗೆದುಹಾಕಲಾಗುವುದು. ನಾನು ಕರೆಂಟು ಬರುವ ಮುಂಚೆಯೇ ರುಜು ಹಾಕಿ ಹೋಗಿದ್ದೆನೆಂದು ಹೇಳಿ ಎಂದು ಚನ್ನವೀರಪ್ಪನವರನ್ನು ಅಂಗಲಾಚಿದರೆ, "ನಾನೇನ್ ಮಾಡ್ಲಿ ಪುರುಷೋತ್ತಮ, ಪುಸ್ತಕದಲ್ಲಿ ಟೈಮ್ ಬರೆಯೋ ಕಾಲಂ ಇಲ್ವಲ್ಲ" ಎಂದು ಅವರು ಕೈಚೆಲ್ಲಿದರು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಮಂಗಳವಾರದ ಕರೆಂಟು ಪುರುಷೋತ್ತಮನ ಒಪ್ಪಿಗೆ ಪಡೆಯದೆ ಬಂದಿತೆಂದು ಒಂದು ಸರ್ಟಿಫಿಕೇಟು ದಯಪಾಲಿಸಬೇಕು. ಮುಂದೆ ಕರೆಂಟು ಬಿಡುವ ಹಿಂದಿನ ದಿನ ಮನೆಮನೆಗೆ ಕಾರ್ಡು ಹಾಕಿಸಿ; ಅದಾಗದಿದ್ದರೆ ರಾಜಾಜಿನಗರದಲ್ಲಿ ತಮಟೆಯಾದರೂ ಹೊಡೆಸಿ. ಅದೂ ಕಷ್ಟವೆಂದರೆ, ಕೆಂಚಪ್ಪ ಎಷ್ಟು ಹೊತ್ತಿಗೆ ಬರುವನೋ ಅದೇ ಸರಿಯಾದ ಹೊತ್ತೆಂದು ಸರ್ಕಾರಿ ಆಜ್ಞೆ ಹೊರಡಿಸಿ.

ತಮಾಷೆ ಸಾಕು ಸ್ವಾಮಿ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಕೆಲಸ ಬೇಡವೆಂದವನಲ್ಲ ನಾನು. ನಾಳೆ ಸಂಜೆಗೆ ಗಡುವು ಮುಗಿಯುತ್ತದೆ. ಕೋಕಿಲಾಗೆ ನೋಟೀಸಿನ ವಿಷಯ ಇನ್ನೂ ಹೇಳಿಲ್ಲ.

ಇಂತಿ, ಸದ್ಯಕ್ಕೆ ಅರ್ಧ ಸಂಬಳದಷ್ಟು ಉಳಿದಿರುವ,
ತಮ್ಮ ವಿಶ್ವಾಸಿ,
ಪುರುಷೋತ್ತಮ

ತಾಜಾಕಲಂ: ಈ ಪತ್ರವನ್ನು ಖುದ್ದಾಗಿ ಕೊಡೋಣವೆಂದು ಈ ಬೆಳಿಗ್ಗೆ ಹನ್ನೊಂದಕ್ಕೆ ತಮ್ಮ ಕಚೇರಿಗೆ ಬಂದಿದ್ದೆ. ಲೈಟು ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಹಾಜರಿ ಪುಸ್ತಕದಲ್ಲಿ ಎಲ್ಲರ ರುಜುವೂ ಇತ್ತು, ಕುರ್ಚಿಗಳಲ್ಲಿ ಮಾತ್ರ ಒಬ್ಬರೂ ಇರಲಿಲ್ಲ. ಇವರಿಗೂ ಅರ್ಧ ಸಂಬಳವೇ ಎಂದು ಜವಾನರನ್ನು ಕೇಳಿದೆ. ಅಲ್ಲವಂತೆ, ಪೂರಾ ಅಂತೆ.