ನನ್ನ ಪಾಲಿನ ಎರಡು ಅಂಕ

ಎರಡೇ ಎರಡು ಅಂಕ. ಅದೂ ಕಾಗದದ ಮೇಲಿನ ವೀರವನಿತೆಗೆ. ಅಷ್ಟನ್ನೂ ನನಗೆ ದಕ್ಕಗೊಡದ ಮನೆ ಇದು ಎಂದರೆ ನನ್ನ ಸಿಟ್ಟು ನಿಮಗೆ ಅರ್ಥವಾದೀತು.

ಹರಪನಹಳ್ಳಿಯಲ್ಲಿ ನಮ್ಮದು ಪಂಪ್‌ಸೆಟ್ ಸಾಮಾನಿನ ಅಂಗಡಿ. ಅಮಾವಾಸ್ಯೆಗೆ ರಜೆ. ಆ ಮಧ್ಯಾಹ್ನ ಹೋಳಿಗೆ ಉಂಡು ಕೂತಾಗ ಮೈದುನ ಗವಿಸಿದ್ದೇಶ ಹಾಸ್ಟೆಲಿನಲ್ಲಿ ಕಲಿತ ಆಟವೊಂದನ್ನು ತೆಗೆದ. ಪ್ರತಿಯೊಬ್ಬರೂ ಒಂದು ಪಾತ್ರ ಸೃಷ್ಟಿಸಬೇಕು. ಇಪ್ಪತ್ತು ಮುಖದ ದಾಳ ಉರುಳಿಸಿ ಅದರ ಬಲವೆಷ್ಟು, ಬುದ್ಧಿಯೆಷ್ಟು, ಮಾತೆಷ್ಟು ಎಂದು ಬರೆದುಕೊಳ್ಳಬೇಕು. ಜೊತೆಗೆ ಬೋನಸ್ಸೆಂದು ಸಿಗುವ ಎರಡು ಅಂಕವನ್ನು ಇಷ್ಟಬಂದ ಗುಣಕ್ಕೆ ಸೇರಿಸಬಹುದು. ಆಮೇಲೆ ಅವನು ಕತೆ ಹೇಳುತ್ತಾನೆ, ನಾವು ಅದರೊಳಗೆ ಹೋಗಬೇಕು. (ಮದುವೆಯಾದ ಮೇಲೆ ನಾನು ಕೊಟ್ಟೂರಿನ ತವರು ಬಿಟ್ಟರೆ ಬೇರೆಲ್ಲಿಗೂ ಹೋದವಳಲ್ಲ. ಕತೆಯೊಳಗಾದರೂ ಹೋಗೋಣವೆಂದು ಕೂತೆ.)

ನನ್ನ ಬೋನಸ್ಸು ಬಲಕ್ಕೆಂದು ಮೊದಲೇ ನಿಶ್ಚಯಿಸಿದ್ದೆ. ಕೊಡ ಎತ್ತುವ ಬಲವಲ್ಲ, ಕೋಟೆಯ ಬಾಗಿಲು ಒದೆಯುವ ಬಲ. ನನ್ನ ಗಂಡ ಗಂಗಾಧರ ತಮ್ಮದನ್ನು ಆಗಲೇ ಬಲಕ್ಕೆ ಸುರಿದುಕೊಂಡಾಗಿತ್ತು. ಆಮೇಲೆ ಅವರ ಬುದ್ಧಿಯ ದಾಳ ಉರುಳಿತು. ಏಳು.

"ನನ್ನ ಮಗಗ ಬುದ್ಧಿ ಏಳನು?" ಬಾಗಿಲ ಬಳಿ ಅಡಕೆ ಕತ್ತರಿಸುತ್ತಿದ್ದ ಅತ್ತೆ ಅನ್ನದಾನಮ್ಮ ಎದ್ದೇ ಬಂದರು. "ಸುಮಾ, ನಿಂದು ಎರಡು ಅವಂಗ ಹಾಕು."

"ಅದು ನನ್ನ ಪಾಲಿಂದ್ರಿ, ಅತ್ತಿ."

"ಹೆಂಡ್ತಿ ಪಾಲು ಗಂಡನ ಪಾಲು ಬ್ಯಾರೆ ಬ್ಯಾರೆ ಇರತಾವನು?"

ಈ ಮನೆಯಲ್ಲಿ ತುಪ್ಪ ನಡೆಯುವ ದಾರಿಯನ್ನು ನಾನು ಬಲ್ಲೆ. ಮೊದಲು ನನ್ನ ಗಂಡನ ಹೋಳಿಗೆಯ ಮೇಲೆ ಧಾರೆ, ಆಮೇಲೆ ಗವಿಯ ಹೋಳಿಗೆಗೆ ಚಮಚೆ. ನನ್ನ ತಟ್ಟೆಗೆ ಬರುವುದು ಪರಿಮಳ. ಬೋನಸ್ಸೂ ಅದೇ ದಾರಿ ಹಿಡಿದಿತ್ತು. ಇಷ್ಟು ದಿನ ನುಂಗಿಕೊಂಡದ್ದೆಲ್ಲ ಗಂಟಲಿಗೆ ಬಂತು.

"ಕೊಡಂಗಿಲ್ಲ. ಯಾರ ಅಂಕ ಅವರಿಗೇ. ಯಾರೂ ಕೊಡಂಗಿಲ್ಲ, ಯಾರೂ ತಗೊಳ್ಳಂಗಿಲ್ಲ. ಗವಿ, ಇದನ್ನ ನಿಯಮ ಮಾಡು."

ಗವಿ ಹೆದರಿ ಮಾಡಿದ.

"ಹೋಗ್ಲಿ ಬಿಡವ್ವ," ಎಂದರು ಗಂಡ. "ಅಂಗಡಿ ಏಳರಾಗ ನಡದೈತಿ."

"ಅಂಗಡಿ ಬ್ಯಾರೆ, ಕಾಡು ಬ್ಯಾರೆ," ಎಂದು ಅತ್ತೆ ಮತ್ತೆ ಅಡಕೆಗೆ ಕೂತರು.

ಕತೆ ಶುರುವಾಯಿತು. ಕಾಡಿನ ಮೊದಲ ಹಳ್ಳ ದಾಟುವಾಗಲೇ ನನ್ನ ವೀರವನಿತೆ ಸುಳಿಗೆ ಸಿಕ್ಕಳು. ಅಷ್ಟು ಬಲವಿದ್ದರೂ ನನ್ನ ದಾಳಕ್ಕೆ ಬಿದ್ದದ್ದು ಒಂದು. ದಂಡೆಯ ಮೇಲೆ ಗಂಡನ ವೀರ ನಿಂತಿದ್ದ, ಹೆಗಲಿಗೆ ಹಗ್ಗ ಸುತ್ತಿಕೊಂಡು.

"ಅಣ್ಣಾ, ಹಗ್ಗ ಒಗೀಬೇಕು ಅಂತ ನಿನಗ ಹೊಳೀಬೇಕು," ಎಂದ ಗವಿ. "ದಾಳ, ಬುದ್ಧಿ ಎರಡೂ ಕೂಡಿ ಇಪ್ಪತ್ತಾಗಬೇಕು."

ದಾಳ ಹನ್ನೊಂದು ತೋರಿಸಿತು. ಏಳು ಕೂಡಿ ಹದಿನೆಂಟು.

"ಎರಡು ಕಡಿಮಿ ಬಿತ್ತು," ಎಂದರು ಅತ್ತೆ, ಅಡಕೆಯಿಂದ ಕಣ್ಣೆತ್ತದೆ.

ನನ್ನ ವೀರವನಿತೆ ಬೋನಸ್ಸು ಸಮೇತ ಮುಳುಗಿದಳು.

"ಅತ್ತಿಗಿ, ಇನ್ನೊಬ್ಬಾಕಿನ್ನ ಮಾಡ್ಕೊಳ್ರಿ."

"ಲಗೂನ ಮಾಡವ್ವ," ಎಂದರು ಅತ್ತೆ. "ಇಲ್ಲಾಂದ್ರ ಕಾಡಿನಾಗ ಅವಂಗ ನಾನ ಯಾರನ್ನರ ನೋಡಬೇಕಾಕ್ಕತಿ."

ಹಲ್ಲು ಕಚ್ಚಿ ದಾಳ ಉರುಳಿಸಿದೆ. ಹೊಸಬಳಿಗೂ ಬೋನಸ್ಸು ಬಂತು. "ತಗೊಳ್ರಿ, ಎರಡನ್ನೂ ನಿಮ್ಮ ಬುದ್ಧಿಗೇ ಹಾಕ್ಕೊಳ್ರಿ," ಎಂದೆ ಗಂಡನಿಗೆ.

ಅವರು ಬಹಳ ಹೊತ್ತು ಯೋಚಿಸಿದರು.

"ತಗೊಳ್ಳಂಗಿಲ್ಲ ಅಂತ ನಿಯಮ ಐತೆಲ್ಲ."

ಏಳೇ ಏಳು ಬುದ್ಧಿಯಲ್ಲಿ ಅದೊಂದು ಅವರಿಗೆ ನೆನಪಿತ್ತು.