ಅಪ್ಪನ ಲಾರಿಗೆ ಸಾಮಾನು ಹುಡುಕಿದ್ದು

ಹಳೆಯ ಲಾರಿ ಇಟ್ಟುಕೊಂಡವನು ಎಲ್ಲ ಸಾಮಾನನ್ನೂ ಹುಡುಕಿಕೊಂಡೇ ಹೋಗಬೇಕು. ನಗೆ ಮಾತ್ರ ತಾನಾಗಿ ಮನೆಗೆ ಬರುತ್ತದೆ.

ನಾನು ವಿಜಯಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಅಪ್ಪ ಮೂವತ್ತು ವರ್ಷ ಓಡಿಸಿದ ಲಾರಿ ನಮ್ಮ ಮನೆ ಮುಂದೆ ನಿಂತಿದೆ. ಅದರ ಬಿಡಿಭಾಗ ಮಾಡುವುದನ್ನು ಕಂಪನಿ ಯಾವಾಗಲೋ ಬಿಟ್ಟಿದೆ. ಅಪ್ಪ ಮಾತ್ರ ಲಾರಿಯನ್ನು ಬಿಟ್ಟಿಲ್ಲ. ಹೀಗಾಗಿ ರವಿವಾರ ಬಂದರೆ ನನಗೆ ಊರೂರು ತಿರುಗುವ ಕೆಲಸ. ಬೇಕಾದದ್ದು ಸಿಗದಿದ್ದರೆ ಸಿಕ್ಕಿದ್ದನ್ನೇ ತರುತ್ತೇನೆ.

ಗುಡಿ ಹಿಂದಿನ ಅಂಗಡಿ

ಕಿಟಕಿಯ ಗಾಜು ಏರಿಸುವ ಹಿಡಿಕೆ ಕೇಳಲು ಅಪ್ಪ, ನಾನು ಲಾರಿಯಲ್ಲೇ ಸಿದ್ಧೇಶ್ವರ ಗುಡಿಯ ಹಿಂದಿನ ಅಂಗಡಿಗೆ ಹೋದೆವು. ಅಂಗಡಿಯಾತ ಹೊರಗೆ ಬಂದು ಲಾರಿಯನ್ನು ಎರಡು ಸುತ್ತು ಹಾಕಿ, ಬಗ್ಗಿ ಕೆಳಗೂ ನೋಡಿದ. ಗಾಡಿಯ ಬೆಲೆ ತಿಳಿದವನೊಬ್ಬ ಸಿಕ್ಕನೆಂದು ಅಪ್ಪನಿಗೆ ಖುಷಿ.

"ಹಿಡಿಕಿ ನನ್ನ ಕಡೆ ಇಲ್ರಿ ಮಾಸ್ತರ. ಆದರ ಇಂಥಾ ಗಾಡಿ ಸಾಮಾನು ಕೇಳಿ ನಾಕು ಮಂದಿ ಬಂದು ಹೋಗ್ಯಾರ. ನೀವು ಗಾಡಿ ಕೊಟ್ರ ಅವರ ಕೆಲಸ ಆಕೈತಿ" ಅಂದ.

ಅಪ್ಪ ಸಿಟ್ಟಿನಿಂದ ಲಾರಿಯ ಬಾಗಿಲು ಬಡಿದರು. ಬಾಗಿಲಿನ ಹ್ಯಾಂಡಲ್ ಕಳಚಿ ಅಂಗಡಿಯಾತನ ಕಾಲಬಳಿ ಬಿದ್ದು ಎರಡು ತುಂಡಾಯಿತು. ಅವನು ಎತ್ತಿ ನೋಡಿ, ಇದು ಈಗ ಯಾರಿಗೂ ಬರೂದಿಲ್ಲ ಎಂದು ಬಹಳ ಮರುಗಿದ.

ಕೋಳಿಯ ಅಪ್ಪಣೆ

ಆ ಹ್ಯಾಂಡಲಿಗಾಗಿ ಕನಮಡಿಗೆ ಹೋದೆ. ಅಲ್ಲಿ ಒಬ್ಬ ಅಜ್ಜಿಯ ಹೊಲದಲ್ಲಿ ನಮ್ಮಂಥದೇ ಲಾರಿ ಗಾಲಿಯಿಲ್ಲದೆ ಕೂತಿತ್ತು. ಹ್ಯಾಂಡಲ್ ಒಯ್ಯಲು ಅಜ್ಜಿಯದು ತಕರಾರಿರಲಿಲ್ಲ. ಆದರೆ ಡ್ರೈವರ್ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು.

"ಈಗ ಬಾಗಲಾ ಅಳ್ಳಾಡಿಸಬ್ಯಾಡಪಾ. ಮರಿ ಆದಮ್ಯಾಲ ಬಾ" ಅಂದಳು.

ಮೂರು ವಾರ ಬಿಟ್ಟು ಹೋದೆ. ಹ್ಯಾಂಡಲ್ ಬಿಚ್ಚಿ ಕೈಯಲ್ಲಿಟ್ಟಳು. ಇಷ್ಟು ದಿನ ಕಾದಿದ್ದಕ್ಕೆ ಎಂದು ಚೀಲದಲ್ಲಿ ಎರಡು ಮರಿಯನ್ನೂ ಹಾಕಿದಳು. ಮನೆಯಲ್ಲಿ ನನ್ನ ಹೆಂಡತಿ ಚೀಲ ತೆರೆದು, ಇವು ಲಾರಿಯ ಯಾವ ಭಾಗಕ್ಕೆ ಬರುತ್ತವೆ ಎಂದು ಕೇಳಿದಳು.

ತಿಕೋಟಾದ ಬೀಗರು

ಗೇರ್ ಪೆಟ್ಟಿಗೆಯೊಳಗಿನ ಬುಷ್ ಎಂಬ ಹಿತ್ತಾಳೆ ಉಂಗುರ ಸವೆದಿತ್ತು. ತಿಕೋಟಾದ ಲೇತ್ ಮೇಸ್ತ್ರಿ ಹಿತ್ತಾಳೆ ಕಡೆದು ಹೊಸದು ಮಾಡಿದ. ಬಂಗಾರದ ಬಳೆಯ ಹಾಗೆ ಹೊಳೆಯುತ್ತಿತ್ತು. ಕೊಡಲು ಮಾತ್ರ ಅವನಿಗೆ ಮನಸ್ಸಿಲ್ಲ. ಅದು ಕೂರುವ ಜಾಗ ಮೊದಲು ನೋಡಬೇಕೆಂದು ಹಟ ಹಿಡಿದು ನನ್ನ ಜೊತೆ ಮನೆಗೇ ಬಂದ. ಗೇರ್ ಪೆಟ್ಟಿಗೆಯ ಗ್ರೀಸು, ಮಣ್ಣು ನೋಡಿ ಮುಖ ಸಣ್ಣ ಮಾಡಿದ. ಅಪ್ಪ ಮತ್ತು ನಾನು ಅರ್ಧ ದಿನ ತಿಕ್ಕಿ ತೊಳೆದ ಮೇಲೆ ತಾನೇ ಕೂರಿಸಿದ. ಹೊರಡುವಾಗ ಅಪ್ಪನ ಕೈ ಹಿಡಿದು ಹೇಳಿದ: "ಚಲೋ ನೋಡ್ಕೋರಿ ಯಜಮಾನ್ರ. ನಮ್ಮ ಕಡೆ ಇದ್ದಾಗ ಒಂದಿನಾನೂ ಎಣ್ಣಿಗೆ ಕಡಿಮಿ ಮಾಡಿಲ್ಲ."

ಬಬಲೇಶ್ವರದ ಸಲಹೆ

ಕಳೆದ ತಿಂಗಳು ಅಪ್ಪ ತಮ್ಮ ಕಾಲದ ಆರು ಮಂದಿ ಡ್ರೈವರ್ ಗೆಳೆಯರಿಗೆ ಲಾರಿಯಲ್ಲೇ ಕರೆದೊಯ್ದು ಮಮದಾಪುರದ ಕೆರೆ ತೋರಿಸುವೆನೆಂದು ಮಾತು ಕೊಟ್ಟರು. ಹೊರಡಲು ಒಂದೇ ದಿನ ಇರುವಾಗ ನೀರಿನ ಪಂಪಿನ ಸೀಲು ಹರಿಯಿತು. ವಿಜಯಪುರದಲ್ಲಿ ಸಿಗಲಿಲ್ಲ. ಅಪ್ಪ ಊಟ ಬಿಟ್ಟು ಕೂತರು. ನಾನು ಬಬಲೇಶ್ವರಕ್ಕೆ ಓಡಿದೆ.

ಅಲ್ಲಿಯ ಹಿರಿಯ ಮೆಕ್ಯಾನಿಕ್ ಹರಿದ ಸೀಲನ್ನು ಹೊರಳಿಸಿ ನೋಡಿ, ಇದು ಜಿಲ್ಲೆಯಲ್ಲೇ ಒಬ್ಬನ ಹತ್ತಿರ ಮಾತ್ರ ಸಿಕ್ಕೀತು ಅಂದ.

"ವಿಜಯಪುರದಾಗ ಒಬ್ಬ ಸಾಲಿ ಮಾಸ್ತರ ಅದಾನ್ರಿ. ಹಳೇ ಲಾರಿ ಸಾಮಾನು ಎಲ್ಲಿ ಕಂಡ್ರೂ ಒಯ್ತಾನ. ಮನಿ ಒಳಗ ಒಂದು ಖೋಲಿ ತುಂಬೇತಂತ. ಸ್ವಲ್ಪ ತಲಿ ಸರಿ ಇಲ್ಲಂತ, ಸಮಾಧಾನದಿಂದ ಕೇಳ್ರಿ."

ಅವನು ಬರೆದು ಕೊಟ್ಟದ್ದು ನನ್ನದೇ ವಿಳಾಸ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನಗದೆ, ಆ ಖೋಲಿಯ ಕೀಲಿ ತಂದುಕೊಟ್ಟು, ಸಮಾಧಾನದಿಂದ ಕೇಳ್ರಿ ಅಂದಳು. ಅಪ್ಪ, ನಾನು ಡಬ್ಬಿಗಳನ್ನೆಲ್ಲ ಸುರುವಿ ಹುಡುಕಿದೆವು.

ಸೀಲು ಮೂರು ಸಿಕ್ಕವು.